ಯಳಂದೂರಿನಲ್ಲಿದ್ದ ಆಕ್ಸಲ್

ಹನೂರಿನ ರೇಷ್ಮೆಗೂಡು ವ್ಯಾಪಾರಿ ಷಡಕ್ಷರಿಯ ಡಾಡ್ಜ್ ಪಿಕಪ್ಪು ಕಾಮಗೆರೆ ದಾಟುತ್ತಿದ್ದಂತೆ ನಡುರಸ್ತೆಯಲ್ಲೇ ಕೂತುಬಿಟ್ಟಿತು. ಗೂಡು ಹಗುರ, ಅದನ್ನು ದೂರುವಂತಿಲ್ಲ. ಗೂಡಿನ ಮಂಕರಿಗಳ ಅಡಿಗೆ ರಾಗಿ ಮೂಟೆ, ಮೂಟೆಗಳ ಮೇಲೆ ಕೊಳ್ಳೇಗಾಲಕ್ಕೆ ಹೊರಟ ಅರ್ಧ ಊರು, ಹಿಂದಿನ ಹಲಗೆಗೆ ಜೋತುಬಿದ್ದ ನಾಲ್ಕಾರು ಜನ. ಸ್ವಲ್ಪ ಕರುಣೆ ಬೇಡವೇನಯ್ಯ ಎಂದು ಯಾರಾದರೂ ಕೇಳಿದರೆ ಷಡಕ್ಷರಿ, "ಅದು ಯುದ್ಧ ನೋಡಿದ್ ಗಾಡಿ ಕಣ್ರಿ, ಇದೆಲ್ಲ ಅದ್ಕೆ ಯಾವ್ ಲೆಕ್ಕ" ಎನ್ನುತ್ತಿದ್ದ. ಯುದ್ಧ ನೋಡಿದವರಿಗೂ ಸೊಂಟ ಇರುವುದು ಒಂದೇ.

ಕೊಳ್ಳೇಗಾಲದಿಂದ ಮೆಕ್ಯಾನಿಕ್ ದೇವಣ್ಣ ಬಂದು ಗಾಡಿಯ ಅಡಿಗೆ ನುಸುಳಿ ನೋಡಿದ. ಹಿಂದಿನ ಎರಡು ಗಾಲಿಗಳ ನಡುವೆ ಭಾರ ಹೊತ್ತು ನಿಂತಿದ್ದ ಕಬ್ಬಿಣದ ಕೊಳವೆ ಸ್ಪ್ರಿಂಗು ಕೂರುವ ಜಾಗದಲ್ಲಿ ಸೀಳಿತ್ತು. ಕೊಳವೆಯ ನಡುವಿನ ಗುಂಡನೆಯ ಡಬ್ಬಿಯೊಳಗೆ ಗಾಲಿ ತಿರುಗಿಸುವ ಕ್ರೌನ್ ಚಕ್ರದ ಹಲ್ಲುಗಳು ಉದುರಿ ಎಣ್ಣೆಯಲ್ಲಿ ಮುಳುಗಿದ್ದವು. ಕೊಳವೆಯೊಳಗಿನ ಎರಡು ರಾಡುಗಳು ಮಾತ್ರ ನೆಟ್ಟಗಿದ್ದವು.

"ಇದು ರಿಪೇರಿಗೆ ಬರಕಿಲ್ಲ ಷಡಕ್ಷರಪ್ಪೋರೆ," ಎಂದು ಹೊರಗೆ ಬಂದ. "ಇಡೀ ಆಕ್ಸಲ್ಲೇ ಬೇರೆ ಬೇಕು. ಹೊಸದು ಎಲ್ಲೂ ಸಿಕ್ಕಕಿಲ್ಲ. ಗುಜರೀಲೇ ಹುಡುಕ್ಬೇಕು."

"ಗುಜರಿ ಯಾಕ್ರಿ ಮೇಸ್ತ್ರಿ. ಯಳಂದೂರಲ್ಲಿ ನಮ್ ಸೋದರತ್ತೆ ಮನೆ ಹಿತ್ಲಲ್ಲಿ ಕೆಂಪನಂಜಪ್ಪನ ಗಾಡಿ ಬಿದ್ದದಲ್ಲ. ಅದೂ ಇಂತದ್ದೇ ಅಲ್ವ."

ದೇವಣ್ಣ ಕೈ ಒರೆಸಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. "ಅದು ಫಾರ್ಗೋ. ಇದು ಡಾಡ್ಜು. ಕೂರಕಿಲ್ಲ," ಎಂದ.

ಇದು ಹಸಿ ಸುಳ್ಳು. ಡಾಡ್ಜ್, ಫಾರ್ಗೋ ಎರಡೂ ಒಂದೇ ತಾಯಿಯ ಮಕ್ಕಳು, ಹಣೆಯ ಮೇಲೆ ಬರೆದ ಹೆಸರಷ್ಟೇ ಬೇರೆ ಎನ್ನುವುದು ಗ್ರೀಸು ಮುಟ್ಟಿದ ಯಾರಿಗಾದರೂ ಗೊತ್ತು. ಯಳಂದೂರಿನ ಆಕ್ಸಲ್ಲು ಷಡಕ್ಷರಿಯ ಗಾಡಿಗೆ ಕೈಗೆ ಬಳೆ ಕೂತ ಹಾಗೆ ಕೂರುತ್ತಿತ್ತು. ದೇವಣ್ಣನಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಏಕೆಂದರೆ ಆ ಆಕ್ಸಲ್ಲನ್ನು ಕೊನೆಯ ಸಲ ಬಿಚ್ಚಿ ಕಟ್ಟಿದವನು ಅವನೇ.

ಕೆಂಪನಂಜಪ್ಪ ದೇವಣ್ಣನ ಸ್ನೇಹಿತ. ಜೋಡಿ ಎತ್ತು ಮಾರಿ ಆ ಫಾರ್ಗೋ ಪಿಕಪ್ಪು ಕೊಂಡವನು. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಅದು ಬಸವನಿಗೆ ಬಿಟ್ಟ ದಿನ. ಎತ್ತು ಹೋಗಿ ಎಂಜಿನ್ನು ಬಂದರೂ ಆ ಮನೆಯಲ್ಲಿ ಕ್ರಮ ತಪ್ಪಲಿಲ್ಲ. ಸೋಮವಾರ ಪಿಕಪ್ಪಿಗೆ ರಜ. ಅದರ ಮೈ ತೊಳೆದು ಬಾನೆಟ್ಟಿಗೆ ವಿಭೂತಿ ಎಳೆಯುತ್ತಿದ್ದರು. ಅವನ ತಾಯಿ, ಷಡಕ್ಷರಿಯ ಸೋದರತ್ತೆ ದೊಡ್ಡಬಸಮ್ಮ ಮೊದಮೊದಲು ಅದರ ಮುಂದೆ ಒಂದು ಹಿಡಿ ಹಸಿಹುಲ್ಲನ್ನೂ ಹಾಕುತ್ತಿದ್ದಳಂತೆ. ಪೆಟ್ರೋಲು ಕುಡಿಯುವ ಬಸವಣ್ಣ ಎಂದು ಊರವರು ನಗುತ್ತಿದ್ದರು. ಕೆಂಪನಂಜಪ್ಪನೂ ಅವರ ಜೊತೆ ಸೇರಿ ನಗುತ್ತಿದ್ದ, ಆದರೆ ಸೋಮವಾರ ಗಾಡಿಯ ಬೀಗದ ಕೈ ಮುಟ್ಟುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ ಆ ಗಾಡಿಯ ಎಡಗಡೆಯ ಆಕ್ಸಲ್ ರಾಡು ತುಂಡಾಯಿತು. ಗಾಲಿಯನ್ನು ತಿರುಗಿಸುವುದೂ ಅದೇ ರಾಡು, ಗಾಲಿ ಕಳಚಿಹೋಗದಂತೆ ಹಿಡಿದಿರುವುದೂ ಅದೇ ರಾಡು. ಶನಿವಾರಕ್ಕೆ ಗಾಡಿ ಕೊಡುತ್ತೇನೆಂದು ದೇವಣ್ಣ ಮಾತು ಕೊಟ್ಟಿದ್ದ. ಮೈಸೂರಿನಿಂದ ಬರಬೇಕಿದ್ದ ಬದಲಿ ರಾಡು ಬರಲಿಲ್ಲ. ಇತ್ತ ಕೆಂಪನಂಜಪ್ಪನ ಮನೆಯಲ್ಲಿ ಗೂಡು ಬಿಡಿಸಿ ಆಗಿತ್ತು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ತೂತುಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ.

ದೇವಣ್ಣ ನೇಕಾರರ ಮನೆಯ ಮಗ. ಮಗ್ಗದಲ್ಲಿ ಎಳೆ ಕಡಿದರೆ ಗಂಟು ಹಾಕಿ, ಗಂಟನ್ನು ಸೀರೆಯ ಹಿಂಬದಿಗೆ ತಳ್ಳಿ, ಬೆರಳಿನಿಂದ ಸವರಿ ಮುಂದೆ ನೇಯುವುದನ್ನು ನೋಡುತ್ತಲೇ ಬೆಳೆದವನು. ಇಲ್ಲೂ ಹಾಗೆಯೇ ಮಾಡಿದ. ಮುರಿದ ತುಂಡುಗಳನ್ನು ಗ್ಯಾಸಿನಲ್ಲಿ ಬೆಸೆದು, ಬೆಸುಗೆಯನ್ನು ಅರದಲ್ಲಿ ಉಜ್ಜಿ ನುಣುಪು ಮಾಡಿ, ಮೇಲೆ ಎಣ್ಣೆ ಮಸಿ ಬಳಿದ. "ಬೇರೆ ರಾಡು ಸಿಕ್ತು, ಹಾಕ್ದೆ" ಎಂದ. ಮೈಸೂರಿನದು ಬಂದ ಮೇಲೆ ಸದ್ದಿಲ್ಲದೆ ಬದಲಾಯಿಸಿದರಾಯಿತು ಎಂದುಕೊಂಡಿದ್ದ. ಆಕ್ಸಲ್ ರಾಡಿಗೆ ಬೆಸುಗೆ ನಿಲ್ಲುವುದಿಲ್ಲ ಎಂದು ಅವನು ಕೆಲಸ ಕಲಿತ ಕೊಯಮತ್ತೂರಿನ ಗ್ಯಾರೇಜಿನಲ್ಲಿ ತಲೆಗೆ ಮೊಟಕಿ ಹೇಳಿಕೊಟ್ಟಿದ್ದರು. ಸೀರೆಯ ಗಂಟು ಬಿಚ್ಚಿಕೊಂಡರೆ ಸೀರೆ ಹರಿಯುತ್ತದೆ, ಅಷ್ಟೇ.

ಗಾಡಿ ಕೆಂಪನಂಜಪ್ಪನ ಕೈ ಸೇರಿದ್ದು ಭಾನುವಾರ ಸಂಜೆ. ಮಾರನೆಯ ದಿನ ಸೋಮವಾರ. ಹೊರಡಿಸುವುದಿಲ್ಲ ಎಂದು ಅವನು ಕೂತ. "ಒಂದ್ ಸೋಮ್ವಾರಕ್ಕೆ ಏನಾಯ್ತದೆ, ಓಗ್ಬನ್ನಿ, ಗೂಡು ಆಳಾಯ್ತವೆ" ಎಂದು ಬಲವಂತ ಮಾಡಿ ಕಳಿಸಿದವಳು ಅವನ ಹೆಂಡತಿ ಗುರುಬಸಮ್ಮ. ಮಾಂಬಳ್ಳಿಯ ಬಳಿ ಕೆರೆ ಏರಿಯ ಮೇಲೆ ಎಡಗಾಲಿ ಕಳಚಿತು. ಗಾಡಿ ಮಗುಚಿ ಕೆಂಪನಂಜಪ್ಪ ಅದರ ಅಡಿಗೆ ಸಿಕ್ಕಿ ಸತ್ತ.

ಮಗುಚಿದ ಗಾಡಿಯನ್ನು ಎತ್ತಿಸಿ ಮನೆಗೆ ಸಾಗಿಸಿದವನೂ ದೇವಣ್ಣನೇ. ಕಳಚಿದ ಗಾಲಿಯಲ್ಲಿ ಉಳಿದಿದ್ದ ರಾಡಿನ ಮೋಟು ತುಂಡನ್ನು ಬಿಚ್ಚಿ ಕೆರೆಗೆ ಎಸೆದ. ಉದ್ದನೆಯ ತುಂಡು ಆಕ್ಸಲ್ ಕೊಳವೆಯ ಒಳಗೇ ಉಳಿಯಿತು, ಆಕ್ಸಲ್ಲು ಬಿಚ್ಚಿದ ದಿನ ಅದು ಹೊರಗೆ ಬರುವುದೇ. ಗಾಲಿ ಯಾಕೆ ಕಳಚಿತು ಎಂದು ಅವನನ್ನು ಯಾರೂ ಕೇಳಲಿಲ್ಲ, ಉತ್ತರ ಎಲ್ಲರ ಬಾಯಲ್ಲೂ ತಯಾರಾಗಿತ್ತು. ಸೋಮವಾರ ನೊಗ ಹಾಕಿಸಿದಳು, ಗಂಡನನ್ನು ನುಂಗಿಕೊಂಡಳು. ಮಗನ ಮಣ್ಣು ಮುಗಿಸಿ ಬಂದ ದೊಡ್ಡಬಸಮ್ಮ, ಸೊಸೆ ತಂದಿಟ್ಟ ನೀರಿನ ಚೆಂಬನ್ನು ಕಾಲಿನಿಂದ ಸರಿಸಿ, "ನಿನ್ ಕೈ ನೀರು ನನ್ಗೆ ಬ್ಯಾಡ" ಎಂದಳು. ಅಂದಿನಿಂದ ಆ ಮನೆಯಲ್ಲಿ ಒಂದೇ ಸೂರು, ಎರಡು ಒಲೆ. ಗುರುಬಸಮ್ಮ ಅತ್ತೆಯ ಮಾತನ್ನು ಮಾತ್ರವಲ್ಲ, ಊರಿನ ಮಾತನ್ನೂ ನಂಬಿಬಿಟ್ಟಿದ್ದಳು. ತಾನೇ ಗಂಡನನ್ನು ಕೊಂದವಳು ಎಂದು ಯಾರ ಎದುರಿಗಾದರೂ ಹೇಳುತ್ತಿದ್ದಳು.

ದೇವಣ್ಣ ಬಾಯಿ ಬಿಡಲಿಲ್ಲ. ಮೊದಲು ಪೊಲೀಸಿನವರಿಗೆ ಹೆದರಿದ. ಅದು ಕಳೆದ ಮೇಲೆ ಗಿರಾಕಿ ತಪ್ಪುತ್ತಾರೆ ಎಂದು ಹೆದರಿದ. ಆಮೇಲೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರಲ್ಲ ಎಂಬುದೇ ದೊಡ್ಡ ಹೆದರಿಕೆಯಾಯಿತು. ಯಳಂದೂರಿನ ಕಡೆ ಕೆಲಸ ಬಂದರೆ ಮೈಗೆ ಸರಿಯಿಲ್ಲ ಎನ್ನುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಹೀಗಾಗಿ ಷಡಕ್ಷರಿಯ ಗಾಡಿಗೆ ಆಕ್ಸಲ್ ಹುಡುಕುವ ಕೆಲಸ ಶುರುವಾಯಿತು. ಎದುರಿಗಿರುವ ವಸ್ತುವನ್ನು ಬಿಟ್ಟು ಲೋಕವೆಲ್ಲ ಹುಡುಕುವುದೂ ಒಂದು ಕಸುಬೇ, ಅದಕ್ಕೆ ಬಹಳ ಶ್ರದ್ಧೆ ಬೇಕು.

ಮೊದಲು ಕೊಳ್ಳೇಗಾಲದ ಮುತ್ತಯ್ಯನ ಗುಜರಿ. ಸತ್ಯಮಂಗಲದ ಕಡೆಯಿಂದ ಬಂದು ನೆಲೆಸಿದ ಮುತ್ತಯ್ಯ ತುಕ್ಕು ಹಿಡಿದ ಮೊಳೆಯನ್ನೂ ಮದುವೆ ಹೆಣ್ಣಿನ ಹಾಗೆ ಹೊಗಳುವವನು. ಬೆಡ್‌ಫೋರ್ಡ್ ಲಾರಿಯ ಆಕ್ಸಲ್ಲೊಂದರ ಮೇಲೆ ಕಾಲಿಟ್ಟು, "ಪಾರಪ್ಪಾ, ನೋಡು ಎಂಗದೆ, ರಾಜನಂಗೆ ಅದೆ" ಎಂದ. ದೇವಣ್ಣ ಜೇಬಿನಿಂದ ದಾರ ತೆಗೆದ. ಸ್ಪ್ರಿಂಗು ಕೂರುವ ಎರಡು ಜಾಗಗಳ ನಡುವಿನ ಅಂತರಕ್ಕೆ ಅದರಲ್ಲಿ ಗಂಟು ಹಾಕಿಕೊಂಡು ಬಂದಿದ್ದ. ಹಿಡಿದು ನೋಡಿದರೆ ರಾಜ ಅರ್ಧ ಗೇಣು ಹೆಚ್ಚು ಅಗಲ. ಜೀಪಿನ ಆಕ್ಸಲ್ಲು ಅಷ್ಟೇ ಕಿರಿದು. ಷೆವರ್ಲೆಯದೊಂದು ಅಳತೆಗೆ ಹತ್ತಿರ ಬಂತು, ಆದರೆ ಗಾಲಿಯ ಬೋಲ್ಟುಗಳು ಆರು, ಡಾಡ್ಜಿಗೆ ಐದು. ಅಗಲವಾಗಲಿ ಬೋಲ್ಟಾಗಲಿ ಹೇಗೋ ಸರಿಮಾಡಬಹುದು ಎಂದರೂ, ಗಾಲಿ ಒಂದು ಸುತ್ತು ತಿರುಗಿದರೆ ಎಂಜಿನ್ನಿನ ಕಡೆಯ ಶಾಫ್ಟು ಎಷ್ಟು ಸುತ್ತು ತಿರುಗುತ್ತದೆ ಎನ್ನುವ ಲೆಕ್ಕ ತಪ್ಪಿದರೆ ಗಾಡಿ ಏರು ಹತ್ತುವುದಿಲ್ಲ. ದೇವಣ್ಣ ಪ್ರತಿಯೊಂದನ್ನೂ ತಿರುಗಿಸಿ ನೋಡಿದ. ಒಂದಾದರೂ ಕೂತುಬಿಡಲಿ ಎಂದು ಮಾದಪ್ಪನಿಗೆ ಹರಕೆ ಹೊತ್ತುಕೊಳ್ಳಲು ಬಾಯಿ ತೆರೆದವನು, ಯಾವ ಮುಖ ಇಟ್ಟುಕೊಂಡು ಕೇಳುವುದು ಎಂದು ಸುಮ್ಮನಾದ.

ಹನೂರಿನಲ್ಲಿ ಕೆಟ್ಟು ನಿಂತ ಗಾಡಿಗಳನ್ನು ನೋಡಿದ್ದಾಯಿತು. ನರಸೀಪುರದ ಅಕ್ಕಿ ಗಿರಣಿಯ ಹಿಂದೆ ಒಂದಿದೆ ಎಂದು ಯಾರೋ ಹೇಳಿದರು, ಹೋಗಿ ನೋಡಿದರೆ ಅದು ಟ್ರಾಕ್ಟರಿನದು. ಷಡಕ್ಷರಿ ದಿನ ಬಿಟ್ಟು ದಿನ ಗ್ಯಾರೇಜಿಗೆ ಬಂದು ಕೂರತೊಡಗಿದ. ಬಾಡಿಗೆ ಎತ್ತಿನಗಾಡಿಯಲ್ಲಿ ಗೂಡು ಸಾಗಿಸಿ ಅವನ ಮುಖ ಬಾಡಿತ್ತು. ಒಂದು ದಿನ ಬಂದವನು ಆಕ್ಸಲ್ಲಿನ ಮಾತನ್ನೇ ಎತ್ತಲಿಲ್ಲ.

"ಯಳಂದೂರಿನ ಅತ್ತೆ ಮಲಗ್ಬುಟ್ಟವ್ರೆ ಮೇಸ್ತ್ರಿ. ಇನ್ ಎದ್ದಂಗಿಲ್ಲ."

ದೇವಣ್ಣ ತಿರುಗಿಸುತ್ತಿದ್ದ ಬೋಲ್ಟನ್ನು ಹಾಗೆಯೇ ಹಿಡಿದ. "ಯಾರು ನೋಡ್ಕತಾವ್ರೆ?"

"ಇನ್ಯಾರು, ಆ ಗುರುಬಸಮ್ಮನೆ. ಮೈ ತೊಳ್ಯೋದು, ಬಟ್ಟೆ ಒಗ್ಯೋದು ಎಲ್ಲಾ ಅವ್ಳೆ. ಆದ್ರೆ ನೀರು ಮಾತ್ರ ಪಕ್ಕದ್ ಮನೆಯೋರು ಬಂದು ಬಾಯ್ಗೆ ಬುಡ್ಬೇಕು. ಅವ್ಳು ಲೋಟ ಇಡ್ಕಂಡ್ರೆ ಅತ್ತೆ ಗೋಡೆ ಕಡೆ ತಿರುಗ್ತಾರೆ. ಒಂದ್ಸಲ ನನ್ ಕೈಲಿ ಕುಡೀರಿ ಅತ್ತೆ ಅಂತ ಕಾಲಿಡ್ಕಂಡು ಅಳ್ತಾಳೆ. ಮುದ್ಕಿ ಜಪ್ಪಯ್ಯ ಅಂದ್ರೂ ಕೇಳಕಿಲ್ಲ." ಷಡಕ್ಷರಿ ಎಲೆಯಡಿಕೆ ಉಗಿದು ಬಂದು ಮತ್ತೆ ಕೂತ. "ಅವ್ಳಿಗೆ ಇನ್ನೇನೂ ಬ್ಯಾಡ ಕಣ್ರಿ. ಮುದ್ಕಿ ಕಣ್ಣು ಮುಚ್ಚೋಕ್ ಮುಂಚೆ ಒಂದ್ ಗುಟ್ಕು ನೀರು. ಅಷ್ಟೆ ಕೇಳೋದು."

ಅಂದು ದೇವಣ್ಣ ಊಟಕ್ಕೆ ಕೂತವನು ಮುದ್ದೆ ಮುರಿಯಲೇ ಇಲ್ಲ. ಅವನ ಹೆಂಡತಿ ಅನಸೂಯಮ್ಮ ರಾಟೆಯ ಮುಂದೆ ಕೂತು ಲಾಳಿಗೆ ರೇಷ್ಮೆ ಸುತ್ತುತ್ತಿದ್ದಳು. ಯಾಕೆ ಎಂದು ಕೇಳಿದಳು. ಅವನು ಷಡಕ್ಷರಿ ಹೇಳಿದ್ದನ್ನಷ್ಟೇ ಹೇಳಿದ.

"ಅಯ್ಯೋ ಪಾಪ," ಎಂದಳು ಅನಸೂಯಮ್ಮ. "ಪ್ರತಿ ಸೋಮವಾರ ಸಾವಿರ ಗಾಡಿ ಓಡಾಡ್ತವೆ. ಯಾವನು ಏನು ಕೆಟ್ಟ ಕೆಲಸ ಮಾಡಿದ್ನೋ, ಒಂದು ಹೆಂಗಸಿನ ತಲೆಗೆ ಕಟ್ಟಿ ಕೂತ್ರು."

ಅವಳು ಏನನ್ನೂ ತಿಳಿದು ಹೇಳಿದ್ದಲ್ಲ. ದೇವಣ್ಣ ಕೈ ತೊಳೆದುಕೊಂಡು ಎದ್ದ.

ಮರುದಿನ 'ಯಳಂದೂರಿಗೆ ಹೋಗಿ ಬರ್ತೀನಿ' ಎಂದು ಹೊರಟ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಜೋಡಿಸಿಕೊಂಡ. ದೊಡ್ಡಬಸಮ್ಮನ ಹಾಸಿಗೆಯ ಪಕ್ಕ ಕೂತು ಹೇಳಿಬಿಡುವುದು. ಸೋಮವಾರದ್ದಲ್ಲ ಅವ್ವ, ನನ್ನದು. ಇಷ್ಟೇ ಮಾತು. ಮಾಂಬಳ್ಳಿಯ ಹತ್ತಿರ ಕೆರೆ ಏರಿ ಬಂದಾಗ ತನಗೆ ಅರಿವಿಲ್ಲದೆಯೇ ಎದ್ದು, ಕಂಡಕ್ಟರಿಗೆ ನಿಲ್ಲಿಸಲು ಹೇಳಿ ಇಳಿದುಬಿಟ್ಟ. ಏರಿಯ ಮೇಲೆ ನಿಂತ. ಕೆರೆಯಲ್ಲಿ ನೀರು ಅರ್ಧಕ್ಕಿಳಿದಿತ್ತು, ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಎದುರಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಕೊಳ್ಳೇಗಾಲಕ್ಕೆ ವಾಪಸು ಬಂದ. ಮೈಸೂರಿನಲ್ಲಿ ಒಂದು ಸಲ ನೋಡಿಬಿಡೋಣ, ಅಲ್ಲಿ ಆಕ್ಸಲ್ ಸಿಕ್ಕದಿದ್ದರೆ ಆಗ ಯಳಂದೂರು, ಆಗ ಹೇಳಲೇಬೇಕಾಗುತ್ತದೆ ಎಂದು ತನಗೆ ತಾನೇ ವಾಯಿದೆ ಕೊಟ್ಟುಕೊಂಡ. ಸಾಯುವವರು ಯಾರ ವಾಯಿದೆಗೂ ಕಾಯುವುದಿಲ್ಲ ಎನ್ನುವುದು ಅವನಿಗೆ ಹೊಳೆಯಲಿಲ್ಲವೋ, ಹೊಳೆದರೂ ಬೇಡವಾಯಿತೋ.

ಮೈಸೂರಿಗೆ ಷಡಕ್ಷರಿಯೂ ಜೊತೆಗೆ ಬಂದ. ಗುಜರಿಗಳ ಬೀದಿಯಲ್ಲಿ ಬೆಳಿಗ್ಗೆಯಿಂದ ಒಂದೊಂದೇ ಅಂಗಡಿ ನೋಡುತ್ತ ಬಂದರು. ಮಧ್ಯಾಹ್ನದ ಹೊತ್ತಿಗೆ ದೇವಣ್ಣ ದಾರ ಹಿಡಿದು ಇನ್ನೊಂದು ಆಕ್ಸಲ್ಲಿನ ಮೇಲೆ ಬಗ್ಗಿದ್ದ. ಅದೂ ಅಳತೆಗೆ ಬರಲಿಲ್ಲ. ಅಂಗಡಿಯ ವಯಸ್ಸಾದ ಸಾಬರಿಗೆ ಅವನ ಒದ್ದಾಟ ನೋಡಿ ಅಯ್ಯೋ ಎನಿಸಿತೋ ಏನೋ, ಕೂತಲ್ಲಿಂದಲೇ ಹೇಳಿದರು.

"ಡಾಡ್ಜ್‌ದೇ ಬೇಕು ಅಂತ ಯಾಕೆ ಹಟ ಸ್ವಾಮಿ. ಎಲ್ಲಾದ್ರೂ ಹಳೆ ಫಾರ್ಗೋ ಇದ್ರೆ ನೋಡಿ. ಬಿಚ್ಚಿ ಹಾಕೋದು, ಅಷ್ಟೆ. ಎರಡೂ ಒಂದೇ ಮಾಲು. ನಿಮ್ಮ ಮೇಸ್ತ್ರಿಗೆ ಗೊತ್ತೇ ಇರುತ್ತಲ್ಲ."

ಷಡಕ್ಷರಿ ದೇವಣ್ಣನ ಕಡೆ ತಿರುಗಿದ. "ನೀವು ಕೂರಕಿಲ್ಲ ಅಂದ್ರಲ್ಲ ಮೇಸ್ತ್ರಿ."

"ಕೆಲವು ಮಾಡೆಲ್ಲು ಕೂರಕಿಲ್ಲ," ಎಂದ ದೇವಣ್ಣ. ದಾರವನ್ನು ಸುತ್ತಿ ಜೇಬಿಗಿಟ್ಟ.

ಷಡಕ್ಷರಿ ವ್ಯಾಪಾರಸ್ಥ, ಎದುರಿಗಿರುವವನು ಸುಳ್ಳು ಹೇಳಿದರೆ ತಿಳಿಯದವನಲ್ಲ. ಆದರೆ ಈ ಸುಳ್ಳಿನಿಂದ ಮೇಸ್ತ್ರಿಗೆ ಏನು ಸಿಗುತ್ತದೆ ಎನ್ನುವುದೇ ಅವನಿಗೆ ಬಗೆಹರಿಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ನರಸೀಪುರ ದಾಟಿದ ಮೇಲೆ, "ನಾಳೆ ಯಳಂದೂರಿಗೆ ಓಗುವ. ನೀವೂ ಬನ್ನಿ. ಅತ್ತೇನೂ ನೋಡ್ದಂಗಾಯ್ತದೆ" ಎಂದ. ದೇವಣ್ಣ ಹೂಂ ಎಂದ. ನಾಳೆ ಹೇಳಿಬಿಡುವುದು ಎಂದು ಗಟ್ಟಿಮಾಡಿಕೊಂಡಾಗ ಅವನಿಗೆ ಎಷ್ಟೋ ವರ್ಷದ ಮೇಲೆ ಹಸಿವಾಯಿತು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಷಡಕ್ಷರಿಯ ನೆಂಟ ಮಾದಣ್ಣ ಕಾಯುತ್ತ ನಿಂತಿದ್ದ. "ಎಲ್ಲೋಗಿದ್ಯಲಾ," ಎಂದು ಷಡಕ್ಷರಿಯ ಕೈ ಹಿಡಿದ. "ನಿಮ್ಮತ್ತೆ ಓಗ್ಬುಟ್ರು. ಮದ್ಯಾನ."

ಮಧ್ಯಾಹ್ನ ಎಂದರೆ ದೇವಣ್ಣ ಮೈಸೂರಿನಲ್ಲಿ ಹೊಂದದ ಆಕ್ಸಲ್ಲಿಗೆ ದಾರ ಹಿಡಿದಿದ್ದ ಹೊತ್ತು.

ಷಡಕ್ಷರಿ ಹಾಗೆಯೇ ಯಳಂದೂರಿಗೆ ಹೋದ. ಮಣ್ಣು ಮುಗಿಸಿ, ಉಳಿದ ನೆಂಟರ ಜೊತೆ ಅಲ್ಲೇ ಉಳಿದ. ಎರಡು ದಿನ ಬಿಟ್ಟು ಬಸ್ಸಿನವನ ಕೈಲಿ ದೇವಣ್ಣನಿಗೆ ಹೇಳಿಕಳಿಸಿದ. ಆಕ್ಸಲ್ಲು ಕೊಡಲು ಗುರುಬಸಮ್ಮ ಒಪ್ಪುತ್ತಿಲ್ಲ, ನೀವು ಕೆಂಪನಂಜಪ್ಪನ ಸ್ನೇಹಿತರಾಗಿದ್ದವರು, ನೀವೇ ಬಂದು ಒಂದು ಮಾತು ಹೇಳಿ ನೋಡಿ, ಎಂದು.

ದೇವಣ್ಣ ಸಾಮಾನಿನ ಚೀಲ ಹೊತ್ತು ಹೋದ. ಮುದುಕಿ ಹೋದಳು, ಈಗ ಹೇಳಿ ಯಾರಿಗೇನು ಬಂತು ಎಂಬ ಯೋಚನೆಯೂ ಅವನ ಜೊತೆಗೇ ಬಸ್ಸು ಹತ್ತಿತ್ತು. ಮನೆಯ ಮುಂದಿನ ಜಗಲಿಯಲ್ಲಿ ಗಂಡಸರು ಕೂತಿದ್ದರು. ಷಡಕ್ಷರಿ ಹಿತ್ತಲ ಕಡೆ ಕೈ ತೋರಿಸಿದ.

ಹಿತ್ತಲಲ್ಲಿ ಫಾರ್ಗೋ ಪಿಕಪ್ಪಿನ ಮೇಲೆ ಕುಂಬಳ ಬಳ್ಳಿ ಹಬ್ಬಿತ್ತು. ಗಾಲಿಗಳು ಮಣ್ಣಿನಲ್ಲಿ ಹೂತಿದ್ದವು. ಗುರುಬಸಮ್ಮ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಸೆರಗು ಸರಿಮಾಡಿಕೊಂಡಳು. ದೇವಣ್ಣ ಅವಳನ್ನು ಇಷ್ಟು ಹತ್ತಿರದಿಂದ ನೋಡಿ ವರ್ಷಗಳಾಗಿದ್ದವು. ತನಗಿಂತ ಚಿಕ್ಕವಳು ತನಗಿಂತ ಮುದುಕಿಯಾಗಿದ್ದಳು.

"ಬನ್ನಿ ದೇವಣ್ಣೋರೆ. ನಮ್ಮನೆಯೋರು ಓಗ್ಬುಟ್ಮೇಲೆ ನೀವು ಈ ಕಡೆ ಬರ್ಲೇ ಇಲ್ಲ."

"ಇಲ್ಲ ಅಕ್ಕಾ. ಬರಕಾಗಿಲ್ಲ."

"ಷಡಕ್ಷರಿ ಯೋಳ್ದ. ಕೊಡ್ಬಾರ್ದು ಅಂತ ಅಲ್ಲ ಕಣ್ರಿ. ಅದ್ಕೆ ನನ್ ಪಾಪ ಅಂಟ್ಕಂಡದೆ. ಸೋಮ್ವಾರ ನಾನೇ ಬಲ್ವಂತ ಮಾಡಿ ಊಡ್ಸಿದ್ದು. ಈಗ ಇದ್ನ ಬಿಚ್ಚಿ ಅವ್ನ್ ಗಾಡೀಗೆ ಆಕುದ್ರೆ, ದಿನಾ ಅಷ್ಟೊಂದು ಜನ ಅದ್ರಲ್ಲಿ ಕೂತ್ಕಂಡ್ ಓಯ್ತಾರೆ. ಇನ್ನೊಂದ್ ಮನೆ ದೀಪ ಆರೋದು ಬ್ಯಾಡ. ಇದು ಇಲ್ಲೇ ಮಣ್ಣಾಗ್ಲಿ."

ಸರಿ ಅಕ್ಕಾ ಎಂದು ಹೊರಟುಬಿಡಬಹುದಿತ್ತು. ಜಗಲಿಗೆ ಹೋಗಿ ಅವಳು ಒಪ್ಪಲಿಲ್ಲ ಎಂದರೆ ಮುಗಿಯುತ್ತಿತ್ತು, ಷಡಕ್ಷರಿ ಇನ್ನೆಲ್ಲಾದರೂ ಹುಡುಕುತ್ತಿದ್ದ, ಕೊಳವೆಯೊಳಗಿನ ತುಂಡು ಅಲ್ಲೇ ತುಕ್ಕಾಗುತ್ತಿತ್ತು. ಅವನ ಕಾಲು ತಿರುಗಿತು ಕೂಡ. ಆದರೆ ಹೆಂಗಸು ತಾನು ಮಾಡದ ಪಾಪ ಯಾರದೋ ಮಕ್ಕಳಿಗೆ ತಗಲೀತು ಎಂದು ಹಿತ್ತಲಿನ ಕಬ್ಬಿಣಕ್ಕೆ ಕಾವಲು ನಿಂತಿದ್ದಳು, ಮಾಡಿದವನು ಬಸ್ಸಿನ ಹೊತ್ತು ಲೆಕ್ಕ ಹಾಕುತ್ತಿದ್ದ. ದೇವಣ್ಣನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು.

"ಒಂದ್ಗಳಿಗೆ ನಿಂತ್ಕಳಿ ಅಕ್ಕಾ. ಬಿಚ್ಚಿ ತೋರುಸ್ತೀನಿ."

ಕುಂಬಳ ಬಳ್ಳಿ ಸರಿಸಿ, ಜಾಕು ಕೊಟ್ಟು, ಅಂದು ಸುಮ್ಮನೆ ಆತುಕೊಳ್ಳುವಂತೆ ತಾನೇ ಸಿಕ್ಕಿಸಿದ್ದ ಎಡಗಾಲಿಯನ್ನು ತೆಗೆದ. ಕೊಳವೆಯೊಳಗೆ ತಂತಿಯ ಕುಣಿಕೆ ಬಿಟ್ಟು ಎಳೆದ. ಮೊದಲು ಬರಲಿಲ್ಲ. ಗಾಡಿಯ ಚೌಕಟ್ಟಿಗೆ ಕಾಲು ಕೊಟ್ಟು ಎಳೆದಾಗ ರಾಡಿನ ತುಂಡು ಕಪ್ಪು ಎಣ್ಣೆ ಮೆತ್ತಿಕೊಂಡು ಹೊರಗೆ ಬಂತು. ಬಟ್ಟೆಯಲ್ಲಿ ಒರೆಸಿ ಅದರ ತುದಿಯನ್ನು ಅವಳ ಕಡೆ ಹಿಡಿದ. ಗಟ್ಟಿ ಕಬ್ಬಿಣ ಮುರಿದರೆ ಒಳಗೆ ಕಾಳುಕಾಳಾಗಿ ಕಾಣುತ್ತದೆ. ಇದರ ತುದಿ ಹಾಗಿರಲಿಲ್ಲ. ಸುತ್ತಲೂ ಕರಗಿ ಹೆಪ್ಪುಗಟ್ಟಿದ ಅಂಚಿತ್ತು, ನಡುವೆ ಬೆಸುಗೆ ಹಿಡಿಯದೆ ಉಳಿದ ಪೊಳ್ಳು ಇತ್ತು.

"ಇದು ಮುರ್ದೋಗಿದ್ ರಾಡು ಅಕ್ಕಾ. ಬೇರೇದು ಹಾಕಿದೀನಿ ಅಂತ ಸುಳ್ಳು ಯೋಳಿ, ಇದ್ನೇ ಬೆಸ್ದು ಹಾಕಿದ್ದೆ. ಬೆಸುಗೆ ಬುಡ್ತು, ಗಾಲಿ ಕಳಚ್ತು. ಸೋಮ್ವಾರ ಆಗಿದ್ರೂ ಅಷ್ಟೆ, ಸುಕ್ರವಾರ ಆಗಿದ್ರೂ ಅಷ್ಟೆ. ನೀವ್ ಮಾಡಿದ್ದು ಏನೂ ಇಲ್ಲ. ನಾನು ಮಾಡಿದ್ದು."

ಗುರುಬಸಮ್ಮ ತುದಿಯನ್ನು ಬೆರಳಿನಿಂದ ಮುಟ್ಟಿದಳು. ಅಂಚಿನ ಸುತ್ತ ಬೆರಳಾಡಿಸಿದಳು. ಅವಳು ಕೂಗಾಡಲಿ, ಜಗಲಿಯವರನ್ನು ಕರೆಯಲಿ, ಅದೇ ರಾಡಿನಿಂದ ತಲೆಗೆ ಹೊಡೆಯಲಿ ಎಂದು ದೇವಣ್ಣ ಕಾದ. ಅವಳು ನಿಧಾನವಾಗಿ ಕೇಳಿದಳು.

"ಇದು ನಿಮ್ಗೆ ಯಾವಾಗ್ ಗೊತ್ತಾಯ್ತು?"

"ಆವತ್ತೇ."

"ನಮ್ಮತ್ತೆ ಮಲಗಿರದು ಗೊತ್ತಿತ್ತಾ?"

"ಗೊತ್ತಿತ್ತು."

"ನನ್ ಕೈ ನೀರು ಕುಡಿಯಕಿಲ್ಲ ಅನ್ನೋದು?"

"ಷಡಕ್ಷರಪ್ಪೋರು ಯೋಳಿದ್ರು."

"ಮತ್ತೆ ಎಲ್ಲೋಗಿದ್ರಿ ದೇವಣ್ಣೋರೆ, ಇಷ್ಟ್ ದಿನ?"

"ಆಕ್ಸಲ್ ಹುಡುಕಕ್ಕೆ," ಎಂದ ದೇವಣ್ಣ. ಹೇಳಿದ ಮೇಲೆ ಆ ಮಾತು ತನ್ನ ಕಿವಿಗೇ ಕೇಳಿಸಿತು.

ಅವಳು ಪಿಕಪ್ಪಿನ ಕಡೆ ನೋಡಿದಳು, ಆಮೇಲೆ ಅವನ ಕಡೆ. "ಕಡೇ ದಿನ ಬಾಯಾರ್ಕೆ, ಬಾಯಾರ್ಕೆ ಅಂತಿದ್ರು. ಪಕ್ಕದ್ ಮನೆಯೋಳು ಗದ್ದೆಗೋಗಿದ್ಲು. ನಾನು ಲೋಟ ಇಡ್ಕಂಡು ಪಕ್ಕದಲ್ಲೇ ಕೂತಿದ್ದೆ. ತುಟಿಗೆ ಇಟ್ರೆ ಅಲ್ಲು ಕಚ್ಕಂಡ್ರು. ಅವ್ಳ್ನ ಕರ್ಕಬರಕ್ಕೆ ನಾನು ಗದ್ದೆಗಂಟ ಓಡ್ದೆ. ಇಬ್ರೂ ಬರೋ ಒತ್ಗೆ ಮುಗ್ದೋಗಿತ್ತು."

ತಪ್ಪಾಯ್ತು ಎನ್ನುವ ಮಾತು ದೇವಣ್ಣನ ನಾಲಿಗೆಯವರೆಗೆ ಬಂತು, ಅಷ್ಟು ಸಣ್ಣ ಮಾತನ್ನು ಅಲ್ಲಿ ಆಡಲು ನಾಚಿಕೆಯಾಗಿ ನುಂಗಿಕೊಂಡ.

"ಆಕ್ಸಲ್ಲು ಬಿಚ್ಕಂಡೋಗಿ," ಎಂದಳು ಗುರುಬಸಮ್ಮ. "ಅದ್ರಲ್ಲಿ ಪಾಪ ಇಲ್ಲ ಅಂದ್ಮೇಲೆ ನನಗ್ಯಾಕೆ. ಷಡಕ್ಷರಿಗೆ ಮಾತ್ರ ಇದ್ನ ನೀವೇ ಯೋಳ್ಬೇಕು, ಜಗ್ಲಿ ಮೇಲೆ ಎಲ್ರೂ ಇರೋವಾಗ್ಲೆ."

"ಯೋಳ್ತೀನಿ ಅಕ್ಕಾ."

ರಾಡಿನ ತುಂಡನ್ನು ಅವನ ಕೈಯಿಂದ ತೆಗೆದುಕೊಂಡು, ಎಣ್ಣೆ ಸೆರಗಿಗೆ ಮೆತ್ತುವುದನ್ನೂ ನೋಡದೆ, ಅವಳು ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಬಾಗಿಲಿಗೆ ನೇರವಾಗಿ ಒಳಗಿನ ಕೋಣೆ. ದೊಡ್ಡಬಸಮ್ಮ ಮಲಗಿದ್ದ ಜಾಗವನ್ನು ಸಾರಿಸಿ, ಅಲ್ಲೊಂದು ದೀಪ ಹಚ್ಚಿಟ್ಟಿದ್ದರು. ಗುರುಬಸಮ್ಮ ದೀಪದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಆ ಕಬ್ಬಿಣವನ್ನು ನೆಲದ ಮೇಲಿಟ್ಟಳು.

"ಅತ್ತೇ," ಎಂದಳು. "ಸೋಮ್ವಾರದ್ದಲ್ವಂತೆ."

ಮುದುಕಿಗೆ ಕೊನೆಕೊನೆಗೆ ಕಿವಿ ಮಂದವಾಗಿತ್ತು, ಏನು ಹೇಳುವುದಿದ್ದರೂ ಎರಡು ಸಲ ಹೇಳಬೇಕಿತ್ತು. ಗುರುಬಸಮ್ಮ ಇನ್ನಷ್ಟು ಮುಂದೆ ಬಗ್ಗಿ, ಜಗಲಿಯ ಮೇಲಿದ್ದವರು ಮಾತು ನಿಲ್ಲಿಸುವಷ್ಟು ಜೋರಾಗಿ ಮತ್ತೆ ಹೇಳಿದಳು.

"ಸೋಮ್ವಾರದ್ದಲ್ವಂತೆ ಕಣತ್ತೆ. ಕೇಳುಸ್ತಾ? ರಾಡು ಬೆಸ್ದಿದ್ರಂತೆ."

ದೇವಣ್ಣ ಹಿತ್ತಲಲ್ಲೇ ನಿಂತಿದ್ದ. ಜಗಲಿಯಿಂದ ಷಡಕ್ಷರಿ ಎದ್ದು ಬರುತ್ತಿದ್ದ. ಒಳಗೆ ಅವಳು ಮೂರನೆಯ ಸಲ ಹೇಳುತ್ತಿದ್ದಳು.